ಸೋಲಿಗೆ ಬೆನ್ನು ತೋರದ ಆಂದ್ರೆಸ್ ಎಸ್ಕೋಬಾರ್

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನನ್ನು ಜನರು ಹೊತ್ತು ಮೆರೆಸುತ್ತಾರೆ. ಎದುರಾಳಿಯ ಗೋಲನ್ನು ತಡೆದವನು ಸದ್ದಿಲ್ಲದೆ ಮನೆಗೆ ಮರಳುತ್ತಾನೆ. ರಕ್ಷಣಾ ಆಟಗಾರನ ಹೆಸರು ಎಲ್ಲರ ಬಾಯಲ್ಲಿ ಕೇಳಿಬರುವುದು ಹೆಚ್ಚಾಗಿ ಆತ ಎಡವಿದ ದಿನವೇ. ಕೊಲಂಬಿಯದ ಆಂದ್ರೆಸ್ ಎಸ್ಕೋಬಾರರನ್ನು ಜಗತ್ತು ನೆನೆಯುವುದು ಅಂತಹ ಒಂದು ದಿನದಿಂದಾಗಿ. ಆ ದಿನಕ್ಕಿಂತ ಅವರ ಬದುಕು ದೊಡ್ಡದಾಗಿತ್ತೆಂಬುದನ್ನು ನಾವು ಅರಿಯಬೇಕು.

1967ರ ಮಾರ್ಚ್ 13ರಂದು ಮೆಡೆಲಿನ್ ನಗರದ ಮಧ್ಯಮ ವರ್ಗದ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂದೆ ಬ್ಯಾಂಕಿನಲ್ಲಿ ದುಡಿದವರು. ಹುಡುಗರು ಬೀದಿ ಪಾಲಾಗದಿರಲೆಂದು ಚೆಂಡಾಟಕ್ಕೆ ಅವಕಾಶ ನೀಡುವ ಸಂಸ್ಥೆಯೊಂದನ್ನು ಕಟ್ಟಿದವರು. ಬಡಮಕ್ಕಳಿಗಾಗಿ ರೋಮಿನಲ್ಲಿ ಉಚಿತ ಶಾಲೆ ತೆರೆದ ಸಂತ ಜೋಸೆಫ್ ಕಲಸಾಂಜರ ಹೆಸರಿನ ಶಾಲೆಯಲ್ಲಿ ಆಂದ್ರೆಸ್ ಕಲಿತರು. ಅಣ್ಣ ಸಾಂತಿಯಾಗೊ ಕೂಡ ಆಟಗಾರರೇ. ಊರಿನ ಅತ್ಲೆತಿಕೊ ನಾಸಿಯೊನಾಲ್ ತಂಡದಲ್ಲಿ ಸೋದರರಿಬ್ಬರೂ ಆಡಿದರು.

1988ರಲ್ಲಿ ಲಂಡನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ವಿರುದ್ಧ ಆಂದ್ರೆಸ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿ ಪಂದ್ಯವನ್ನು ಸಮಗೊಳಿಸಿದರು. 1989ರಲ್ಲಿ ನಾಸಿಯೊನಾಲ್ ತಂಡವು ದಕ್ಷಿಣ ಅಮೆರಿಕದ ಲಿಬರ್ತದೋರೆಸ್ ಕಪ್ ಗೆದ್ದಿತು. ಕೊಲಂಬಿಯದ ತಂಡವೊಂದಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಬಳಿಕ ಅವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಯಂಗ್ ಬಾಯ್ಸ್ ತಂಡ ಸೇರಿದರು. ಆದರೆ ಆ ಪರದೇಶವಾಸ ಅಲ್ಪಕಾಲದ್ದು. 1990ರ ವಿಶ್ವಕಪ್ಪಿನಲ್ಲಿ ನಾಡಿಗಾಗಿ ಆಡಿ, ಅವರು ತಮ್ಮ ಊರಿನ ತಂಡಕ್ಕೇ ಹಿಂದಿರುಗಿದರು. ಎದುರಾಳಿಯನ್ನು ಕೆಡವದೆ, ಚೆಂಡನ್ನಷ್ಟೇ ಕಸಿದುಕೊಳ್ಳುವ ಅವರ ಶುದ್ಧ ಆಟವನ್ನು ಕಂಡು ಜನರು ಅವರನ್ನು ಕಾಲ್ಚೆಂಡಾಟದ ಸಜ್ಜನನೆಂದು ಕರೆದರು.

ಅದೇ ಊರಿನಲ್ಲಿ ಅದೇ ಕುಲನಾಮದ ಪಾಬ್ಲೊ ಎಸ್ಕೋಬಾರ್ ಮಾದಕ ವಸ್ತುಗಳ ಸಾಮ್ರಾಜ್ಯ ಕಟ್ಟಿದ್ದನು. ಇಬ್ಬರಿಗೂ ರಕ್ತಸಂಬಂಧವಿರಲಿಲ್ಲ. ಆದರೆ ಆ ಪಾಪದ ಹಣ ಆಟದ ಮೈದಾನಕ್ಕೂ ಹರಿದಿತ್ತು. ಗೆಲುವಿಗಾಗಿ ಪಂತ, ಸೋಲಿಗೆ ಬೆದರಿಕೆ ಎಂಬಂತಾಗಿತ್ತು. 1993ರಲ್ಲಿ ಕೊಲಂಬಿಯವು ಅರ್ಜೆಂಟೀನಾವನ್ನು ಅದರ ನೆಲದಲ್ಲೇ 5-0 ಅಂತರದಿಂದ ಮಣಿಸಿದಾಗ ವಿಶ್ವಕಪ್ ತಮ್ಮದೇ ಎಂದು ಜನರು ನಂಬಿದರು.

1994ರ ಜೂನ್ 22ರಂದು ಅಮೆರಿಕದ ಪಸಡೀನಾದಲ್ಲಿ 90,000ಕ್ಕೂ ಮಿಕ್ಕ ಪ್ರೇಕ್ಷಕರ ಮುಂದೆ ಆ ನಂಬಿಕೆ ಕುಸಿಯಿತು. ಅತಿಥೇಯ ತಂಡದ ಆಟಗಾರನೊಬ್ಬನು ಅಡ್ಡಲಾಗಿ ಒದ್ದ ಚೆಂಡನ್ನು ತಡೆಯಲು ಆಂದ್ರೆಸ್ ಕಾಲು ಚಾಚಿದರು. ಚೆಂಡು ತಮ್ಮದೇ ಗೋಲಿಗೆ ಹೊಕ್ಕಿತು. ಪಂದ್ಯ 2-1ರಿಂದ ಕೈತಪ್ಪಿತು. ಮುಂದಿನ ಪಂದ್ಯದಲ್ಲಿ ಸ್ವಿಟ್ಜರ್ಲೆಂಡನ್ನು ಸೋಲಿಸಿದರೂ ಕೊಲಂಬಿಯ ಕೂಟದಿಂದ ಹೊರಬಿದ್ದಿತು.

ಆಂದ್ರೆಸ್ ಯಾರ ಮೇಲೂ ಹೊಣೆ ಹೊರಿಸಲಿಲ್ಲ. ಬೊಗೋಟದ ದಿನಪತ್ರಿಕೆಯೊಂದಕ್ಕೆ ಲೇಖನ ಬರೆದು, ಪರಸ್ಪರ ಗೌರವವನ್ನು ಬಿಡಬಾರದೆಂದೂ ಬದುಕು ಇಷ್ಟಕ್ಕೇ ಮುಗಿಯದೆಂದೂ ನಾಡಿಗೆ ತಿಳಿಹೇಳಿದರು. ದೂರ ಉಳಿಯಬಹುದಾಗಿದ್ದರೂ ಊರಿಗೆ ಮರಳಿದರು. ಮದುವೆ ನಿಶ್ಚಯವಾಗಿತ್ತು. ಜುಲೈ 2ರ ನಸುಕಿನಲ್ಲಿ, ಆ ಗೋಲಿನ ಬಗ್ಗೆ ಹಂಗಿಸಿದವರೊಡನೆ ವಾಹನ ನಿಲ್ದಾಣವೊಂದರಲ್ಲಿ ಮಾತು ಬೆಳೆಯಿತು. ಆರು ಗುಂಡುಗಳು ಅವರ ದೇಹವನ್ನು ಹೊಕ್ಕವು. ಆಗ ಅವರಿಗೆ 27 ವರ್ಷ.

1,20,000ಕ್ಕೂ ಹೆಚ್ಚು ಮಂದಿ ಅಂತಿಮ ದರ್ಶನಕ್ಕೆ ನೆರೆದರೆನ್ನುತ್ತಾರೆ. ಕೊಂದವನಿಗೆ ವಿಧಿಸಿದ 43 ವರ್ಷಗಳ ಸೆರೆವಾಸ ಬಳಿಕ ಕಡಿತಗೊಂಡು, 2005ರಲ್ಲಿ ಅವನು ಹೊರಬಂದನು. 2002ರಲ್ಲಿ ಮೆಡೆಲಿನ್ ನಗರವು ಆಂದ್ರೆಸ್ ಅವರ ಪ್ರತಿಮೆಯನ್ನು ನಿಲ್ಲಿಸಿತು.

ಗುಂಡು ಹಾರಿಸಿದ ಕೈ ಒಬ್ಬನದು. ಆದರೆ ಆಟದ ಸೋಲನ್ನು ಕ್ಷಮಿಸಲಾಗದ ಅಪರಾಧವೆಂದು ಬಗೆದವರು ಹಲವರು. ಪಂದ್ಯದಲ್ಲಾಗಲಿ ಪರೀಕ್ಷೆಯಲ್ಲಾಗಲಿ ಸೋತು ತಲೆತಗ್ಗಿಸಿ ಬಂದ ಮಗುವಿಗೆ ನಾವು ಆಡುವ ಮೊದಲ ಮಾತು ಯಾವುದೆಂದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಲಿ. ಎಡವಿದವನು ನಿರ್ಭಯವಾಗಿ ಮರಳಬಹುದಾದ ಸ್ಥಳವೇ ಮನೆ. ಆಂದ್ರೆಸ್ ಅಂತಹ ಮನೆಯನ್ನು ನಂಬಿಯೇ ಊರಿಗೆ ಬಂದಿದ್ದರು.