ಜಾಸ್ಪರ್ ಫ್ರಾನ್ಸಿಸ್ ಕ್ರಾಪ್ಸಿ

ಜಾಸ್ಪರ್ ಫ್ರಾನ್ಸಿಸ್ ಕ್ರಾಪ್ಸಿ (ಫೆಬ್ರವರಿ 18, 1823 – ಜೂನ್ 22, 1900) ಅಮೆರಿಕದ ನಿಸರ್ಗಚಿತ್ರ ಕಲಾವಿದ ಹಾಗೂ ವಾಸ್ತುಶಿಲ್ಪಿ. ಹಡ್ಸನ್ ನದಿ ಪಂಥಕ್ಕೆ ಸೇರಿದ ಇವರು ಶರತ್ಕಾಲದ ದೃಶ್ಯಗಳಿಗೆ ಪ್ರಸಿದ್ಧರು.

ಆರಂಭಿಕ ಜೀವನ

ಕ್ರಾಪ್ಸಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ರಾಸ್‌ವಿಲ್‌ನಲ್ಲಿ ಜನಿಸಿದರು. ಬಾಲ್ಯದಲ್ಲಿ ಅನಾರೋಗ್ಯದಿಂದ ಶಾಲೆ ತಪ್ಪಿದಾಗಲೆಲ್ಲ ತಾವಾಗಿಯೇ ಚಿತ್ರ ಬಿಡಿಸುವುದನ್ನು ಕಲಿತರು. ವಾಸ್ತುಶಿಲ್ಪಿ ಜೋಸೆಫ್ ಟ್ರೆಂಚ್ ಅವರ ಬಳಿ ಐದು ವರ್ಷ ತರಬೇತಿ ಪಡೆದು, 1843ರಲ್ಲಿ ಸ್ವಂತ ಕಚೇರಿ ತೆರೆದರು. ಆದರೆ ಒಲವು ಚಿತ್ರಕಲೆಯ ಕಡೆಗಿತ್ತು. 1847ರಲ್ಲಿ ಮರಿಯಾ ಕೂಲಿಯವರನ್ನು ವಿವಾಹವಾಗಿ ಯುರೋಪಿಗೆ ತೆರಳಿದರು, 1849ರಲ್ಲಿ ಹಿಂದಿರುಗಿದರು. 1851ರಲ್ಲಿ ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್‌ನ ಪೂರ್ಣ ಸದಸ್ಯರಾದರು.

ಲಂಡನ್ ವಾಸ

1856ರಿಂದ 1863ರವರೆಗೆ ಲಂಡನ್‌ನಲ್ಲಿ ನೆಲೆಸಿದ್ದರು. ಅಲ್ಲಿಯೇ 1860ರಲ್ಲಿ ತಮ್ಮ ಅತ್ಯಂತ ಪ್ರಸಿದ್ಧ ಕೃತಿ ಆಟಮ್ – ಆನ್ ದ ಹಡ್ಸನ್ ರಿವರ್ ಅನ್ನು ರಚಿಸಿದರು. ಸುಮಾರು 1.5 ಮೀಟರ್ ಎತ್ತರ, 2.7 ಮೀಟರ್ ಅಗಲದ ಈ ತೈಲವರ್ಣಚಿತ್ರದಲ್ಲಿ ಕಣ್ಣೆದುರಿನ ದೃಶ್ಯವಿಲ್ಲ. ತಾಯ್ನಾಡಿನ ನೆನಪಿನಿಂದ ಅದು ರೂಪುಗೊಂಡಿತು. ಮುಂಭಾಗದ ಎಡಬದಿಯಲ್ಲಿ ಮರಗಳ ಕೆಳಗೆ ಬೇಟೆಗಾರರೂ ನಾಯಿಗಳೂ ವಿಶ್ರಮಿಸುತ್ತಿವೆ. ಕೆಳಗಿನ ಬಯಲಿನಲ್ಲಿ ಕುರಿಗಳು ಮೇಯುತ್ತವೆ. ದೂರದಲ್ಲಿ ನದಿಯ ಮೇಲೆ ದೋಣಿಗಳು ಸಾಗುತ್ತವೆ. ಮೋಡಗಳ ನಡುವಿನಿಂದ ಇಳಿಯುವ ಬಿಸಿಲು ಇಡೀ ಕಣಿವೆಯನ್ನು ಒಂದಾಗಿಸುತ್ತದೆ. ಕಾಡು, ಹೊಲ, ನೌಕೆ ಮತ್ತು ಮನುಷ್ಯರು ಇಲ್ಲಿ ಪರಸ್ಪರ ಹೊಂದಿಕೊಂಡು ಕಾಣುವುದು ಕೃತಿಯ ವೈಶಿಷ್ಟ್ಯ.

ಅಮೆರಿಕದ ಮೇಪಲ್ ಮೊದಲಾದ ಮರಗಳ ಎಲೆಗಳು ಶರತ್ಕಾಲದಲ್ಲಿ ಕಡುಗೆಂಪು, ಕಿತ್ತಳೆ, ಹೊಂಬಣ್ಣಗಳಿಗೆ ತಿರುಗುತ್ತವೆ. ಅಂತಹ ವರ್ಣವೈಭವವನ್ನು ಕಂಡರಿಯದ ಬ್ರಿಟಿಷ್ ಪ್ರೇಕ್ಷಕರು ಇದನ್ನು ನಂಬಲಾರರೆಂದು ಕ್ರಾಪ್ಸಿ ಅಮೆರಿಕದಿಂದ ನಿಜವಾದ ಎಲೆಗಳನ್ನು ತರಿಸಿ ಚಿತ್ರದ ಪಕ್ಕದಲ್ಲಿ ಪ್ರದರ್ಶಿಸಿದರು. ಕೃತಿ ಮೆಚ್ಚುಗೆ ಗಳಿಸಿತು. 1861ರಲ್ಲಿ ಅವರು ವಿಕ್ಟೋರಿಯಾ ರಾಣಿಯ ಸನ್ನಿಧಿಯಲ್ಲಿ ಪರಿಚಿತರಾದರು.

ನಂತರದ ವರ್ಷಗಳು

ಅಂತರ್ಯುದ್ಧದ ನಡುವೆ 1863ರಲ್ಲಿ ಸ್ವದೇಶಕ್ಕೆ ಮರಳಿದ ಕ್ರಾಪ್ಸಿ, 1866ರಲ್ಲಿ ಸ್ಥಾಪನೆಯಾದ ಅಮೆರಿಕದ ಜಲವರ್ಣ ಚಿತ್ರಕಾರರ ಸಂಘದ ಸಂಸ್ಥಾಪಕರಲ್ಲಿ ಒಬ್ಬರು. ನ್ಯೂಯಾರ್ಕ್ ರಾಜ್ಯದ ವಾರ್ವಿಕ್‌ನಲ್ಲಿ ಅಲಾದ್ದೀನ್ ಎಂಬ ಭವ್ಯ ನಿವಾಸವನ್ನು ತಾವೇ ವಿನ್ಯಾಸಗೊಳಿಸಿ ಕಟ್ಟಿಸಿದರು. ನ್ಯೂಯಾರ್ಕ್ ನಗರದ ಸಿಕ್ಸ್ತ್ ಅವೆನ್ಯೂ ಎತ್ತರಿಸಿದ ರೈಲುಮಾರ್ಗದ ನಿಲ್ದಾಣಗಳ ವಿನ್ಯಾಸವೂ ಇವರದೇ. ಕಾಲಕ್ರಮೇಣ ಕಲಾರಸಿಕರ ಅಭಿರುಚಿ ಬದಲಾಗಿ, ವಿವರಗಳಿಂದ ತುಂಬಿದ ದೊಡ್ಡ ನಿಸರ್ಗಚಿತ್ರಗಳಿಗೆ ಬೇಡಿಕೆ ಕುಸಿಯಿತು. ಹಣದ ಅಡಚಣೆಯಿಂದ ಅಲಾದ್ದೀನ್ ನಿವಾಸವನ್ನು ಮಾರಬೇಕಾಯಿತು. 1885ರಲ್ಲಿ ಹೇಸ್ಟಿಂಗ್ಸ್-ಆನ್-ಹಡ್ಸನ್‌ನ ಚಿಕ್ಕ ಮನೆಗೆ ಬಂದು, ತಾವು ದೂರದ ಲಂಡನ್ನಿನಲ್ಲಿ ಚಿತ್ರಿಸಿದ್ದ ನದಿಯ ಸಮೀಪದಲ್ಲೇ ಕೊನೆಯವರೆಗೂ ಚಿತ್ರ ಬರೆದರು.

ನಿಧನ ಮತ್ತು ಪರಂಪರೆ

1900ರಲ್ಲಿ ನಿಧನರಾದಾಗ ಕಲಾಲೋಕ ಇವರನ್ನು ಬಹುಮಟ್ಟಿಗೆ ಮರೆತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಡ್ಸನ್ ನದಿ ಪಂಥದ ಬಗ್ಗೆ ಆಸಕ್ತಿ ಮರುಕಳಿಸಿ, ಇವರ ಕೃತಿಗಳು ಮತ್ತೆ ಗಮನ ಸೆಳೆದವು. ಆಟಮ್ – ಆನ್ ದ ಹಡ್ಸನ್ ರಿವರ್ 1963ರಿಂದ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಸಂಗ್ರಹದಲ್ಲಿದೆ. ಹೇಸ್ಟಿಂಗ್ಸ್‌ನ ಮನೆಯನ್ನು ನ್ಯೂಯಿಂಗ್ಟನ್-ಕ್ರಾಪ್ಸಿ ಪ್ರತಿಷ್ಠಾನ ಸಂರಕ್ಷಿಸಿದೆ.