ಜೀವರಸಾಯನ ವಿದುಷಿ ಕಮಲಾ ಸೊಹೋನಿ

ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ವಿಜ್ಞಾನಿಯೊಬ್ಬರ ಜೀವನವನ್ನು ಬರೆಯಹೊರಟಿರುವುದೇಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮೊಳಕಾಲ್ಮೂರಿನಲ್ಲಿ ಮಗ್ಗದ ಕೆಲಸದಲ್ಲೇ ಆಯುಸ್ಸು ಸವೆಸಿದ ಅಜ್ಜಿಗೆ ಸಕ್ಕರೆ ಕಾಯಿಲೆ. ಅಮ್ಮನಿಗೆ ಥೈರಾಯ್ಡ್ ಗ್ರಂಥಿಯ ಮಾಂದ್ಯ. ಅವರ ರಕ್ತಪರೀಕ್ಷೆಯ ಚೀಟಿಗಳನ್ನು ಓದಿ ಹೇಳುವ ಕೆಲಸ ನನ್ನದು. ಅವುಗಳ ಅರ್ಥವನ್ನು ಅರಸುತ್ತ ಹೋದಾಗ ನನಗೆ ಪರಿಚಯವಾದವರು ಕಮಲಾ ಸೊಹೋನಿಯವರು.

1911ರಲ್ಲಿ ಜನಿಸಿದ ಇವರ ತವರಿನ ಹೆಸರು ಕಮಲಾ ಭಾಗವತ್. ತಂದೆಯೂ ತಂದೆಯ ಸಹೋದರರೂ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ. ಎಸ್‌ಸಿ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಂಗಸೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಆಕೆ ಸುಮ್ಮನಾಗಲಿಲ್ಲ. ಬೆಂಗಳೂರಿಗೇ ಬಂದು ಗಾಂಧೀಜಿಯವರ ಮಾರ್ಗ ಹಿಡಿದು ಸತ್ಯಾಗ್ರಹ ಹೂಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ನಿಬಂಧನೆಗಳಿಗೆ ಒಳಪಟ್ಟು ಪ್ರವೇಶ ದೊರೆಯಿತು. ಶ್ರೀ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಪರಿಶೀಲಿಸಿ 1936ರಲ್ಲಿ ಎಂ. ಎಸ್‌ಸಿ. ಪದವೀಧರೆಯಾದರು. ಆಕೆಯ ಶ್ರದ್ಧೆಯನ್ನು ಕಂಡ ಮೇಲೆ ಇತರ ವಿದ್ಯಾರ್ಥಿನಿಯರಿಗೂ ಆ ಬಾಗಿಲು ತೆರೆಯಿತು. ಆದರೂ ಆ ಅವಮಾನವನ್ನು ಕಮಲಾ ಕಡೆಯವರೆಗೂ ಮರೆಯಲಿಲ್ಲ.

ಮುಂದೆ ಕೇಂಬ್ರಿಡ್ಜಿನಲ್ಲಿ ಆಲೂಗೆಡ್ಡೆಯ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಪ್ರಾಣಿಗಳಲ್ಲಿರುವಂತೆ ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಎಂಬ ವಸ್ತುವಿದೆಯೆಂದು ತೋರಿಸಿದರು. 1939ರಲ್ಲಿ ಡಾಕ್ಟರೇಟ್ ಬಂದಿತು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಇವರು ಗಣ್ಯರು.

ಈ ವಸ್ತುವಿನ ಮಹತ್ವವೇನು? ನಾವು ಉಂಡ ಅನ್ನವು ದೇಹದಲ್ಲಿ ಉಸಿರಿನ ಆಮ್ಲಜನಕದೊಡನೆ ಸೇರಿ ಮೆಲ್ಲಗೆ ಉರಿದು ಶಕ್ತಿಯಾಗುತ್ತದೆ. ಈ ಉರಿಯನ್ನು ಹಂತಹಂತವಾಗಿ ನಡೆಸುವವು ಕಿಣ್ವಗಳು. ಅವುಗಳ ನಡುವೆ ಎಲೆಕ್ಟ್ರಾನುಗಳನ್ನು ಸಾಗಿಸುವ ಆಳು ಸೈಟೋಕ್ರೋಮ್ ಸಿ. ಒಲೆಯಿಂದ ಕಿಡಿ ಸಿಡಿಯುವಂತೆ ಇಲ್ಲಿಯೂ ಹಾನಿಕರವಾದ ಕಣಗಳು ಹುಟ್ಟುತ್ತವೆ. ಕೆಟಲೇಸ್ ಮೊದಲಾದ ಬೇರೆ ಕಿಣ್ವಗಳು ಅವನ್ನು ನಂದಿಸುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಕಿಡಿ ಹೆಚ್ಚಿ, ನಂದಿಸುವ ಬಲ ಸಾಲದೆ, ರಕ್ತನಾಳ, ಕಣ್ಣು, ಮೂತ್ರಪಿಂಡಗಳು ನವೆಯುತ್ತವೆ. ಈ ಒಲೆಯ ವೇಗವನ್ನು ಹದದಲ್ಲಿಡುವುದು ಥೈರಾಯ್ಡ್ ರಸ. ಅದು ಕುಗ್ಗಿದಾಗಲೂ ಈ ಸಮತೋಲ ಕೆಡಬಹುದೆಂದು ಈಚಿನ ಸಂಶೋಧನೆಗಳು ಸೂಚಿಸುತ್ತವೆ. ಅಜ್ಜಿಯ ರೋಗಕ್ಕೂ ಅಮ್ಮನ ಆಯಾಸಕ್ಕೂ ಇರುವ ನಂಟು ನನಗೆ ತಿಳಿದದ್ದು ಹೀಗೆ.

ಕಮಲಾ ವಿದೇಶದಲ್ಲಿ ನಿಲ್ಲದೆ 1939ರಲ್ಲಿಯೇ ತಾಯ್ನಾಡಿಗೆ ಮರಳಿದರು. ದೆಹಲಿ, ಕೂನೂರುಗಳಲ್ಲಿ ಸೇವೆ ಸಲ್ಲಿಸಿ, 1947ರಲ್ಲಿ ಶ್ರೀ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಮುಂದೆ ನಿರ್ದೇಶಕಿಯೂ ಆದರು. ಬಡವರ ಆಹಾರವೇ ಅವರ ಪ್ರಯೋಗವಸ್ತು. ದ್ವಿದಳ ಧಾನ್ಯಗಳಲ್ಲಿ ಜೀರ್ಣಕಿಣ್ವವನ್ನು ತಡೆಯುವ ಅಂಶವನ್ನು ಅಭ್ಯಸಿಸಿದರು. ಬಾಬು ರಾಜೇಂದ್ರಪ್ರಸಾದರ ಸೂಚನೆಯಂತೆ ನೀರಾದ ಪೌಷ್ಟಿಕಗುಣವನ್ನು ಪರೀಕ್ಷಿಸಿ ರಾಷ್ಟ್ರಪತಿಗಳ ಪ್ರಶಸ್ತಿಗೆ ಪಾತ್ರರಾದರು. ಹುರುಳಿಯನ್ನೂ ಈಚಲು ಮರವನ್ನೂ ಬಲ್ಲ ನಮ್ಮ ಸೀಮೆಯವರಿಗೆ ಇದು ದೂರದ ವಿದ್ಯೆಯಲ್ಲ. 1998ರಲ್ಲಿ ಅವರು ತೀರಿಕೊಂಡರು.

ಅಂದು ಅವರನ್ನು ಬಾಗಿಲಲ್ಲಿ ತಡೆದ ಆ ಸಂಸ್ಥೆಯ ಎರಡನೆಯ ಆವರಣ ಇಂದು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ನನ್ನ ತಂಗಿ ಪಿ. ಯು. ಸಿ.ಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಅವಳನ್ನು ಹೆಣ್ಣೆಂದು ಯಾವ ಪ್ರಯೋಗಶಾಲೆಯೂ ಇಂದು ಹಿಂದಕ್ಕೆ ಕಳುಹಿಸಲಾರದು. ಬಡತನವೂ ಬೇಗನೆ ಮದುವೆ ಮಾಡುವ ಆತುರವೂ ತಡೆಯದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಪಾಲಿಗೆ ಉಳಿದಿರುವ ಸತ್ಯಾಗ್ರಹ.