ಒಂದು ಕರಪತ್ರ ಮತ್ತು ಗುಬ್ಬಿ ವೀರಣ್ಣನವರು

ಕಳೆದ ಬೇಸಗೆಯಲ್ಲಿ ಭದ್ರಾವತಿಯ ಬಂಧುಗಳೊಬ್ಬರು ತಮ್ಮ ಹಳೆಯ ಹೆಂಚಿನ ಮನೆಯನ್ನು ತೆರವು ಮಾಡುತ್ತಿದ್ದರು. ತಗಡಿನ ಟ್ರಂಕಿನ ತಳದಲ್ಲಿ ಮಾಸಿದ ನಾಟಕದ ಕರಪತ್ರವೊಂದು ಸಿಕ್ಕಿತು. ಊರೂ ತಾರೀಖೂ ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಗುಬ್ಬಿ ಕಂಪೆನಿಯ ಹೆಸರೂ ‘ಕುರುಕ್ಷೇತ್ರ’ವೆಂಬ ದಪ್ಪಕ್ಷರಗಳೂ ಮಾತ್ರ ಉಳಿದಿದ್ದುವು. ರದ್ದಿಯವನ ತಕ್ಕಡಿಗೆ ಹೋಗಲಿದ್ದ ಆ ಹಾಳೆಯನ್ನು ಬೇಡಿ ಶಿವಮೊಗ್ಗೆಗೆ ತಂದೆನು.

ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪನೆಯಾದದ್ದು 1884ರಲ್ಲಿ. ವೀರಣ್ಣನವರು ಜನಿಸಿದ್ದು 1891ರಲ್ಲಿ; ಎಂದರೆ ಕಂಪೆನಿಯು ಅವರಿಗಿಂತ ಹಿರಿದು. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಅವರು ರಂಗವನ್ನು ಸೇರಿದರು. ಬಣ್ಣದ ಮನೆಯೇ ಅವರ ಪಾಠಶಾಲೆಯಾಯಿತು. ಬಾಲಪಾತ್ರಗಳಿಂದ ತೊಡಗಿ, ಹಾಸ್ಯನಟರಾಗಿ ಬೆಳೆದು, 1917ರಲ್ಲಿ ಅವರು ಕಂಪೆನಿಯ ಒಡೆತನವನ್ನೇ ವಹಿಸಿಕೊಂಡರು.

ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣನವರು ಧರಿಸುತ್ತಿದ್ದುದು ಕಳ್ಳನ ಪಾತ್ರ. ರಾಜನ ಪಾತ್ರಕ್ಕೆ ಕಿರೀಟ ಗೌರವ ತರುತ್ತದೆ, ನಾಯಕನಿಗೆ ಹಾಡು ತರುತ್ತದೆ. ಕಳ್ಳನಿಗೆ ಇವೆರಡರ ಆಸರೆಯೂ ಇಲ್ಲ. ಆ ಪಾತ್ರವನ್ನೇ ಅವರು ನಾಟಕದ ಜೀವಾಳವಾಗಿಸಿದರು. ನಗಿಸುವವನು ನಾಯಕನಿಗಿಂತ ಕಿರಿಯನಲ್ಲವೆಂಬುದನ್ನು ಕನ್ನಡ ಪ್ರೇಕ್ಷಕರು ಅವರಿಂದ ಕಲಿತರೆಂದರೆ ಉತ್ಪ್ರೇಕ್ಷೆಯಾಗದು.

ಯಜಮಾನರಾಗಿ ಅವರದು ಇನ್ನೂ ದೊಡ್ಡ ಸಾಹಸ. ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಅವರ ಪತ್ನಿ ಬಿ. ಜಯಮ್ಮನವರು ನಾಡಿನ ಶ್ರೇಷ್ಠ ನಟಿಯರಲ್ಲೊಬ್ಬರಾದರು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗವೇರಿದುವು. ಇಂತಹ ಪರಿವಾರವನ್ನು ಊರಿಂದೂರಿಗೆ ಸಾಗಿಸುವುದು, ಪರದೆ ಪೆಟ್ಟಿಗೆಗಳೊಡನೆ ನೂರಾರು ಹೊಟ್ಟೆಗಳನ್ನು ಹೊರುವುದು, ಮಳೆ ಹಿಡಿದರೆ ಬರಿಯ ಕುರ್ಚಿಗಳನ್ನು ನೋಡುವುದು—ಇದು ಕಂಪೆನಿಯ ಯಜಮಾನನ ನಿತ್ಯದ ಕುರುಕ್ಷೇತ್ರ. ತಮ್ಮ ಆತ್ಮಕಥೆಗೆ ಅವರು ‘ಕಲೆಯೇ ಕಾಯಕ’ವೆಂದು ಹೆಸರಿಟ್ಟುದು ಬರಿಯ ಅಲಂಕಾರವಲ್ಲ.

ಇಂಗ್ಲೆಂಡಿನಲ್ಲಿ ನಟನೊಬ್ಬನಿಗೆ ಮೊದಲಬಾರಿ ಸರ್ ಪದವಿ ದೊರೆತುದು 1895ರಲ್ಲಿ, ಹೆನ್ರಿ ಇರ್ವಿಂಗನಿಗೆ. ಆತನೊಡನೆ ನಟಿಸಿದ ಎಲೆನ್ ಟೆರಿಯು 1888ರಲ್ಲಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ, ಜೀರುಂಡೆಯ ಹೊಳೆಯುವ ರೆಕ್ಕೆಗಳನ್ನು ಹೊಲಿದ ಉಡುಪನ್ನು ಕೆಂಟ್ ಪ್ರಾಂತದ ಆಕೆಯ ಮನೆಯಲ್ಲಿ ಇಂದಿಗೂ ಕಾಪಾಡಿದ್ದಾರೆ. ವೀರಣ್ಣನವರಿಗೆ ಪದ್ಮಶ್ರೀ ಬಂದುದು 1972ರಲ್ಲಿ. ಅದೇ ವರ್ಷ ಅವರು ಕಾಲವಾದರು.

ಆದರೆ ಅವರು ಉಳಿಸಿಹೋದ ಆಸ್ತಿ ಜೀವಂತವಾದುದು. ಕಂಪೆನಿಯಲ್ಲಿ ಪಳಗಿದ ರಾಜಕುಮಾರರು, ವೀರಣ್ಣನವರ ಸಂಸ್ಥೆಯೇ ತಯಾರಿಸಿದ 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರನಾಯಕರಾದರು. ಮನೆ ಬಿಟ್ಟು ಬಂದ ಹುಡುಗ ಬಿ. ವಿ. ಕಾರಂತರನ್ನು ಅವರು ಓದಿಗಾಗಿ ಕಾಶಿಗೆ ಕಳುಹಿಸಿದರು. ಅದೇ ಕಾರಂತರು ಮುಂದೆ ನಮ್ಮ ಜಿಲ್ಲೆಯ ಹೆಗ್ಗೋಡಿನ ನೀನಾಸಂ ಬಳಗಕ್ಕೆ ‘ಗೋಕುಲ ನಿರ್ಗಮನ’ವನ್ನು ಆಡಿಸಿದರು. ಶಾಲೆಯ ಭಾಗ್ಯ ತಮಗಿಲ್ಲದವರು ಮತ್ತೊಬ್ಬನಿಗೆ ವಿದ್ಯೆಯ ದಾರಿ ತೋರಿದ ಈ ಸಂಗತಿ ನನಗೆ ಆನೆ ಕುದುರೆಗಳಿಗಿಂತ ದೊಡ್ಡದಾಗಿ ತೋರುತ್ತದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ನಮ್ಮ ತಂದೆಯವರು ನಾಟಕದ ಡೇರೆಗಳಲ್ಲಿ ಕೊಂಡ ಹಾಡಿನ ಪುಸ್ತಿಕೆಗಳನ್ನು ಕಟ್ಟಿ ಅಟ್ಟದ ಮೇಲಿಟ್ಟಿದ್ದರು. ಎಂ.ಎ. ಪದವಿ ಪಡೆದ ವರ್ಷ, ಅವು ಸಾಹಿತ್ಯವಲ್ಲವೆಂದು ನಾನೇ ರದ್ದಿಗೆ ಹಾಕಿದೆನು. ತಂದೆಯವರು ಏನೂ ಅನ್ನಲಿಲ್ಲ; ಬರಿದಾದ ಅಟ್ಟವನ್ನು ಒಮ್ಮೆ ನೋಡಿದರು. ಅನಂತರ ಎಷ್ಟೋ ವರ್ಷ ತರಗತಿಯಲ್ಲಿ ನಾಟಕದ ಲಕ್ಷಣಗಳನ್ನು ಬೋಧಿಸಿದೆನೇ ಹೊರತು, ನಾಟಕದಿಂದ ಬದುಕಿದವರ ಮಾತೆತ್ತಲಿಲ್ಲ.

ಗೆದ್ದಲು ತಿಂದ ಆ ಕರಪತ್ರಕ್ಕೆ ಈಗ ಗಾಜಿನ ಚೌಕಟ್ಟು ಹಾಕಿಸಿದ್ದೇನೆ. ಈ ವರ್ಷದ ನಾಟಕದ ಪಾಠವನ್ನು ಅದನ್ನು ವಿದ್ಯಾರ್ಥಿಗಳ ಕೈಗಿತ್ತೇ ಆರಂಭಿಸಿದೆನು. ನಿಮ್ಮ ಮನೆಯ ಅಟ್ಟದ ಮೇಲೂ ಇಂತಹ ಕಟ್ಟೊಂದಿದ್ದರೆ, ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ.